ಹೋರಿಯ ಮೇವು

ಮಾಂತೇಶ ಸತ್ತದ್ದು ದರೋಡೆಕೋರರ ಕೊಡಲಿ ಏಟಿಗೆ ಎಂದು ಬೀಜದ ಕೋಠಿಯ ಜನವೆಲ್ಲ ಹೇಳುತ್ತಿದ್ದರು. ಸುಲೋಚನಾ ಅದನ್ನು ಒಪ್ಪುತ್ತಿರಲಿಲ್ಲ. ಅವನನ್ನು ಕೊಂದದ್ದು ಒಂದು ಪೆನ್ ಡ್ರೈವ್ ಎಂಬುದು ಅವಳ ವಾದ.

ಅವತ್ತು ಬೆಳಗ್ಗೆ ದರೋಡೆಕೋರರ ಲಾರಿ ಬಂದು ಹೆಬ್ಬಾಗಿಲಿಗೆ ಗುದ್ದಿದಾಗ ಬಾಗಿಲು ಕಾಯುವ ಕಬ್ಬಿಣದ ಹೋರಿ ಕೊಟ್ಟಿಗೆಯಲ್ಲಿ ಕಲ್ಲಿನಂತೆ ನಿಂತಿತ್ತು. ಅದರ ಹೆಗಲಿನೊಳಗೆ ಇರಬೇಕಾದ ಪೆನ್ ಡ್ರೈವ್ ಕಂಟ್ರೋಲ್ ರೂಮಿನಲ್ಲಿ, ಸುಲೋಚನಾಳ ಕಂಪ್ಯೂಟರಿಗೆ ಸಿಕ್ಕಿಕೊಂಡಿತ್ತು. ಪರದೆಯ ಮೇಲೆ ಹಸಿರು ಪಟ್ಟಿ ಅರ್ಧಕ್ಕೆ ಬಂದು ಅಲ್ಲೇ ತೂಕಡಿಸುತ್ತಿತ್ತು. ಕಿಟಕಿಯಾಚೆ ಮುರಿದ ಬಾಗಿಲಿಗೆ ಅಡ್ಡವಾಗಿ ಮಾಂತೇಶ ಒಬ್ಬನೇ ಹಾರೆ ಹಿಡಿದು ನಿಂತಿದ್ದ. ಅವನ ತಂದೆ ಚನ್ನವೀರಪ್ಪ, ಹೋರಿಗಳ ರಿಪೇರಿ ನೋಡಿಕೊಳ್ಳುವವನು, ಸುಲೋಚನಾಳ ಪಕ್ಕದಲ್ಲೇ ಇದ್ದ. ಅವನ ಕೈ ಪೆನ್ ಡ್ರೈವಿನತ್ತ ಚಾಚಿತು. ಅವಳು ಆ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದಳು.

"ಕೈ ಬಿಡು ತಂಗಿ. ತಗೀತೀನಿ."

"ಬ್ಯಾಡ ಕಾಕಾ. ಅರ್ಧಾನ ಆಗೇತಿ. ಈಗ ಕಿತ್ತರ ಅರ್ಧಾ ಊರಿನ ಗುರುತ ಅದಕ್ಕ ಇರೂದಿಲ್ಲ. ಸಿಕ್ಕ ಸಿಕ್ಕವರನ್ನ ತಿವಿತೈತಿ. ಮಾಂತೇಶನ್ನೂ ತಿವಿತೈತಿ."

"ಅಲ್ಲಿ ನನ್ನ ಮಗಾ ಒಬ್ಬನ ಅದಾನ."

"ಗೊತ್ತೈತಿ ಕಾಕಾ."

ಮೊದಲ ಏಟು ಭುಜಕ್ಕೆ ಬಿತ್ತು. ಹಾರೆ ಹಿಡಿದ ಕೈ ಜೋತುಬಿತ್ತು. ಮಾಂತೇಶ ಇನ್ನೊಂದು ಕೈಯಿಂದ ಹಾರೆ ಎತ್ತಿಕೊಳ್ಳಲು ಬಗ್ಗಿದ. ಎರಡನೆಯ ಏಟು ಬಗ್ಗಿದ ಕುತ್ತಿಗೆಗೆ ಬಿತ್ತು. ಅವಳ ಹಿಡಿತದಲ್ಲಿದ್ದ ಚನ್ನವೀರಪ್ಪನ ಮಣಿಕಟ್ಟು ಸಡಿಲವಾಯಿತು. ಪಟ್ಟಿ ತುಂಬಿ, ಹೋರಿ ಎದ್ದು ಓಡುವ ಹೊತ್ತಿಗೆ ಲಾರಿ ಬೀಜದ ಮೂಟೆಗಳನ್ನು ಹೇರಿಕೊಂಡು ಹೋಗಿಯಾಗಿತ್ತು. ಅಂಗಳದಲ್ಲಿ ಹೆಣಗಳು ಒಂದರ ಮೇಲೊಂದು ಬಿದ್ದಿದ್ದವು.

ಬಿತ್ತಿದ ಕಾಳು ಒಂದು ಸಲ ಬೆಳೆದು, ಆ ಬೆಳೆಯ ಕಾಳು ಮತ್ತೆ ಮೊಳೆಯದೆ ಹೋದ ಕಾಲ ಅದು. ಕಂಪನಿಗಳು ಮಾಡಿದ್ದೋ, ರೋಗ ಬಂದದ್ದೋ, ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮರುಹುಟ್ಟು ಇರುವ ಬೀಜ ಉಳಿದದ್ದು ಅಲ್ಲೊಂದು ಇಲ್ಲೊಂದು ಕಡೆ. ರಾಣೆಬೆನ್ನೂರಿನಾಚೆ ಗೋಡೆ ಕಟ್ಟಿಕೊಂಡು ಕೂತಿದ್ದ ಈ ಕೋಠಿ ಅಂಥದ್ದೊಂದು. ಒಳಗೆ ತಣ್ಣನೆಯ ಉಗ್ರಾಣಗಳು, ಅವುಗಳ ಸುತ್ತ ಆರು ಸಾವಿರ ಜನರ ವಸತಿ. ಹೊರಗೆ ಹಸಿದವರು. ಹಸಿದವರ ಕೈಗೆ ಕೊಡಲಿ ಬಂದ ಮೇಲೆ ಒಳಗಿನವರು ಅವರನ್ನು ದರೋಡೆಕೋರರು ಎಂದು ಕರೆದರು.

ನಾಲ್ಕು ಗೋಡೆಗೆ ನಾಲ್ಕು ಕಾವಲು ಯಂತ್ರಗಳು, ಒಂದರ ಗೋಡೆ ಕಾಯಲು ಇನ್ನೊಂದು ಬರುತ್ತಿರಲಿಲ್ಲ. ಕಬ್ಬಿಣದ ಕಾಲು, ಮನುಷ್ಯನ ಎದೆಯ ಎತ್ತರಕ್ಕೆ ಬರುವ ಬೆನ್ನು, ಮುಂದೆ ಹಾರೆಯಂಥ ಎರಡು ಚೂಪು. ಹೋರಿ ಎಂದರೆ ಜೀವ ಬಿಡುವ ಹಾವೇರಿ ಸೀಮೆಯ ಜನ ಅವಕ್ಕೆ ಬೇರೆ ಹೆಸರಿಡುವುದು ಸಾಧ್ಯವೇ ಇರಲಿಲ್ಲ. ಮೊದಲು ಈ ಹೋರಿಗಳಿಗೆ ಆಜ್ಞೆ ತಂತಿಯಿಲ್ಲದೆ ಗಾಳಿಯಲ್ಲೇ ಹೋಗುತ್ತಿತ್ತು. ಒಂದು ವರ್ಷ ಹೊರಗಿನವರು ಆ ಗಾಳಿಯೊಳಗೆ ಕೈ ಹಾಕಿ, ಬೇರೊಂದು ಕೋಠಿಯ ಹೋರಿಗಳನ್ನು ಆ ಕೋಠಿಯ ಮಕ್ಕಳ ಮೇಲೆಯೇ ಬಿಟ್ಟರು. ಆಮೇಲೆ ಎಲ್ಲ ಕಡೆ ಹೋರಿಗಳ ಕಿವಿ ಕಿತ್ತುಹಾಕಿದರು. ಹೊರಗಿನಿಂದ ಆರಿಸುವ ಗುಂಡಿಯನ್ನೂ ತೆಗೆದರು. ಇನ್ನು ಹೋರಿ ಕೇಳುವುದು ಹೆಗಲಿನ ಪೆನ್ ಡ್ರೈವ್ ಹೇಳಿದ್ದನ್ನು ಮಾತ್ರ. ಅದರಲ್ಲಿ ಪ್ರತಿಯೊಬ್ಬರ ಮುಖ, ನಡಿಗೆ, ದನಿ, ಮೈವಾಸನೆ ಇರುತ್ತಿತ್ತು. ಕೊನೆಗೆ ಒಂದು ಅಂಕೆ. ಒಂದು ಎಂದಿದ್ದರೆ ನಮ್ಮವರು. ಸೊನ್ನೆ ಎಂದಿದ್ದರೆ, ಇಲ್ಲವೇ ಗುರುತೇ ಇಲ್ಲದಿದ್ದರೆ, ಕೊಲ್ಲಬೇಕಾದವರು. ಅದೇ ಮೇವು. ವಾರಕ್ಕೊಮ್ಮೆ ಹೋರಿಗಳು ಒಂದಾದ ಮೇಲೊಂದು ಕೊಟ್ಟಿಗೆಗೆ ಬಂದು ನಿಲ್ಲುತ್ತಿದ್ದವು. ಪೆನ್ ಡ್ರೈವಿನ ಕಡ್ಡಿ ತೆಗೆದು, ಸುಲೋಚನಾ ಹೊಸ ಮೇವು ತುಂಬಿದ ಮೇಲೆ ಮತ್ತೆ ಹಾಕಬೇಕು. ಕಡ್ಡಿ ಇಲ್ಲದ ಹೋರಿ ಬರೀ ಕಬ್ಬಿಣದ ರಾಶಿ. ಒಂದೊಂದಕ್ಕೂ ಎರಡು ಮೂರು ತಾಸು ಹಿಡಿಯುತ್ತಿತ್ತು.

ಕಮಿಟಿಯ ಹಿರಿಯರು ಹೆಣಗಳನ್ನು ಮಣ್ಣು ಮಾಡಿ ಬಂದು ತಮಗೆ ಚೆನ್ನಾಗಿ ಬರುವ ಕೆಲಸ ಮಾಡಿದರು. ಸುಲೋಚನಾಳನ್ನು ಕರೆಸಿ ಗದರಿದರು.

"ಎರಡು ತಾಸು ಬಾಗಲಾ ತಕ್ಕೊಂಡು ಕೂಡಾಕ ಇದೇನು ಸಂತಿ ಏನು?" ಎಂದ ಅಧ್ಯಕ್ಷ ದುಂಡಪ್ಪ. "ಲಗೂ ಆಗೂಹಂಗ ಮಾಡು. ಹೆಂಗ ಮಾಡ್ತಿ ಅನ್ನೂದು ನನಗ ಬ್ಯಾಡ."

ಹೇಗೆ ಎಂಬುದು ತನಗೆ ಬೇಡ ಎನ್ನುವವರಿಂದಲೇ ಜಗತ್ತಿನ ಅರ್ಧ ಅನಾಹುತ ಆಗುವುದು. ಆದರೆ ಸುಲೋಚನಾಳಿಗೆ ಅವತ್ತು ಅಧ್ಯಕ್ಷನ ಮೇಲೆ ಸಿಟ್ಟು ಬರಲಿಲ್ಲ. ಪೆನ್ ಡ್ರೈವಿನ ಮೇಲೆ ಬಂತು. ಊಟ ನಿದ್ದೆ ಬಿಟ್ಟು ಅದರ ಹಿಂದೆ ಬಿದ್ದಳು. ಫೈಲುಗಳು ಲಕ್ಷಗಟ್ಟಲೆ, ಒಂದೊಂದೂ ಚೂರು. ಪ್ರತಿ ಚೂರಿಗೂ ಕಡ್ಡಿ ಜಾಗ ಹುಡುಕಬೇಕು, ತೆರೆಯಬೇಕು, ಬರೆಯಬೇಕು, ಮುಚ್ಚಬೇಕು. ಚೀಲಗಟ್ಟಲೆ ಶೇಂಗಾ ಇರುವಾಗ ಒಂದೊಂದೇ ಕಾಯಿ ಹೊತ್ತು ಮನೆಗೆ ಸಾಗಿಸಿದ ಹಾಗೆ. ಬದಲಾಗದ ಫೈಲುಗಳನ್ನು ಬಿಟ್ಟುಬಿಟ್ಟರೆ ಕೆಲಸ ಚಿಟಿಕೆಯಲ್ಲಿ ಮುಗಿಯಬೇಕಿತ್ತು. ಕಂಪ್ಯೂಟರು ಮಾತ್ರ ಪ್ರತಿವಾರ ಎಲ್ಲವನ್ನೂ ಹೊಸದಾಗಿ ಹೊತ್ತು ಹಾಕುತ್ತಿತ್ತು. ಯಾಕೆಂದು ನೋಡಿದರೆ ಕಾರಣ ನಗು ಬರುವಷ್ಟು ಸಣ್ಣದು. ಕಡ್ಡಿ ಪ್ರತಿ ಫೈಲು ಬಂದ ವೇಳೆಯನ್ನು ಎರಡೆರಡು ಸೆಕೆಂಡಿನ ಲೆಕ್ಕಕ್ಕೆ ಸರಿಹೊಂದಿಸಿ ಬರೆದುಕೊಳ್ಳುತ್ತಿತ್ತು. ಹೋರಿಗಳ ಹಳೆಯ ಗಡಿಯಾರಗಳು ಅದನ್ನು ಇನ್ನಷ್ಟು ಕೆಡಿಸುತ್ತಿದ್ದವು. ಇಲ್ಲಿಯ ವೇಳೆಗೂ ಅಲ್ಲಿಯ ವೇಳೆಗೂ ತಾಳೆಯಾಗದೆ ಕಂಪ್ಯೂಟರು ಎಲ್ಲ ಫೈಲೂ ಬದಲಾಗಿದೆ ಎಂದು ತಿಳಿಯುತ್ತಿತ್ತು.

ಸುಲೋಚನಾ ವೇಳೆಯನ್ನು ನೋಡುವುದನ್ನೇ ತೆಗೆದುಹಾಕಿದಳು. ಫೈಲಿನ ಅಳತೆ ಮಾತ್ರ ನೋಡು. ಅಳತೆ ಬೇರೆಯಾಗಿದ್ದರೆ ಬರೆ, ಅಷ್ಟೇ ಇದ್ದರೆ ಬಿಟ್ಟು ಮುಂದೆ ಹೋಗು. ಅಂಗಳದಲ್ಲಿ ಎದುರಾದಾಗ ಹೋರಿಗಳು ಕುತ್ತಿಗೆಗೆ ಕುತ್ತಿಗೆ ತಾಗಿಸಿ, ಈಚೆಗೆ ಮೇವು ತಿಂದದ್ದರಿಂದ ಇನ್ನೊಂದಕ್ಕೆ ಮೇವು ಹಂಚಿಕೊಳ್ಳುವ ರೂಢಿ ಇತ್ತು. ಅಲ್ಲಿಯೂ ಇದೇ ನಿಯಮ ಹಾಕಿದಳು. ಹೊಸ ಮಗು ಹುಟ್ಟಿದರೆ ಹೊಸ ಫೈಲು ಬರುತ್ತದೆ. ಮುಖ ಬದಲಾದರೆ ಚಿತ್ರದ ಅಳತೆ ಬದಲಾಗುತ್ತದೆ. ಯಾರನ್ನಾದರೂ ಹೊರಹಾಕಿದರೆ ಅವರ ತಪ್ಪಿನ ವಿವರ ಸೇರಿ ಫೈಲು ಉದ್ದವಾಗುತ್ತದೆ. ತಪ್ಪಿಸಿಕೊಳ್ಳುವುದು ಏನೂ ಇಲ್ಲ ಎಂದು ಅವಳಿಗೆ ಅನ್ನಿಸಿತು. ಸೊನ್ನೆಯಾದವನು ಮತ್ತೆ ಒಂದಾದರೆ ಏನಾಗುತ್ತದೆ ಎಂದು ಅವಳು ಯೋಚಿಸಲಿಲ್ಲ. ಕೋಠಿ ಹುಟ್ಟಿದಾಗಿನಿಂದ ಯಾರನ್ನೂ ಕ್ಷಮಿಸಿಯೇ ಇರಲಿಲ್ಲ.

ಈಗ ಒಂದು ಹೋರಿಯ ಮೇವು ಒಂದು ಲೋಟ ಚಹಾ ಕುಡಿಯುವುದರೊಳಗೆ ಮುಗಿಯುತ್ತಿತ್ತು.

ಎರಡನೆಯ ದಾಳಿಯ ಸುದ್ದಿ ಮೊದಲೇ ಬಂತು. ತಂದವನು ಒಬ್ಬ ಕುರಿಗಾರ, ಕಳಿಸಿದವನು ಸುಲೋಚನಾಳ ತಮ್ಮ ಫಕ್ಕೀರೇಶ. ಹೊರಗಿನ ಹಳ್ಳಿಯ ಹೆಂಡತಿಯ ತವರಿಗೆ ನಾಲ್ಕು ಸೇರು ಜೋಳದ ಬೀಜ ಕದ್ದುಕೊಟ್ಟ ತಪ್ಪಿಗೆ ಕಮಿಟಿ ಅವನನ್ನು ಸೊನ್ನೆ ಮಾಡಿ ಗೋಡೆಯಾಚೆ ನೂಕಿತ್ತು. ಜೊತೆಗೆ ಹೋದ ಹೆಂಡತಿ ಮುಂದಿನ ಬೇಸಿಗೆಯಲ್ಲಿ ಹಸಿವಿನಿಂದ ಸತ್ತಳು. ಅವನು ದರೋಡೆಕೋರರನ್ನು ಸೇರಿದ. ಮೊದಲ ದಾಳಿಯ ದಿನ ಆ ಲಾರಿ ಓಡಿಸಿದವನು ಅವನೇ, ಅದನ್ನು ಕಂಡವರಿದ್ದರು. ಅವತ್ತು ಸತ್ತವರ ಹೆಸರುಗಳೂ ಅವನ ಫೈಲಿಗೆ ಸೇರಿದ್ದವು. ಈಗ ಅದೇ ಮನುಷ್ಯ, ಸೋಮವಾರ ಮೇವಿನ ಹೊತ್ತಿಗೆ ಮೂರು ಲಾರಿ ಬರುತ್ತವೆ, ಎಚ್ಚರ ಎಂದು ಹೇಳಿ ಕಳಿಸಿದ್ದ.

ಬಂದವು. ಹೋರಿ ಕೊಟ್ಟಿಗೆಯಲ್ಲಿ ಇರುತ್ತದೆ ಎಂದು ನಂಬಿ ನಗುತ್ತ ಒಳನುಗ್ಗಿದವರಿಗೆ ಬಾಗಿಲಲ್ಲೇ ಅದು ಎದುರಾಯಿತು. ಅದು ಜಿಗಿದ ರಭಸಕ್ಕೆ ಮೊದಲ ಲಾರಿಯ ಗಾಜು ಒಡೆದು ಎರಡೂ ಕೋಡು ಡ್ರೈವರನ ಎದೆಯೊಳಗೆ ಹೋದವು. ಅವನನ್ನು ಕೋಡಿನಲ್ಲಿ ಸಿಕ್ಕಿಸಿಕೊಂಡೇ ಹೋರಿ ಎರಡನೆಯ ಲಾರಿಯತ್ತ ತಿರುಗಿತು. ಹಾರಿ ಇಳಿದವರು ಓಡಿದರು. ಓಡುವವರನ್ನು ಬೆನ್ನು ಮುರಿದು ಕೆಡವಿತು. ಒಬ್ಬ ಹುಡುಗ ಕೊಡಲಿ ಎಸೆದು ಕೈಮುಗಿದು ಕೂತ. ಅವನನ್ನು ಅದು ಕೂತಲ್ಲೇ ತುಳಿಯಿತು. ಕೈಮುಗಿಯುವುದು ಏನೆಂದು ಅದರ ಮೇವಿನಲ್ಲಿ ಯಾರೂ ಬರೆದಿರಲಿಲ್ಲ.

ಕೋಠಿಯ ಜನ ಮಾಳಿಗೆ ಹತ್ತಿ ಕೇಕೆ ಹಾಕಿದರು. ಸುಲೋಚನಾಳ ಕೊರಳಿಗೆ ಮಾಲೆ ಬಿತ್ತು. ಅವಳಿಗೂ ಖುಷಿಯಾಗಿತ್ತು, ಅದನ್ನು ಮುಚ್ಚಿಡುವುದು ಯಾಕೆ. ಮಾಂತೇಶನ ಮುಖ ನೆನಪಿಗೆ ಬಂದಾಗಲೆಲ್ಲ, ತುಳಿತಕ್ಕೆ ಸಿಕ್ಕ ಆ ಹುಡುಗ ಅವಳಿಗೆ ಲೆಕ್ಕಕ್ಕೇ ಬರಲಿಲ್ಲ.

ಫಕ್ಕೀರೇಶನನ್ನು ಮರಳಿ ಕರೆಸಿಕೊಳ್ಳುವ ಮಾತು ಆಮೇಲೆ ಬಂತು. ಸಭೆಯಲ್ಲಿ ತಾಸುಗಟ್ಟಲೆ ಜಗಳವಾಯಿತು. ಕೊನೆಗೆ ಎಲ್ಲರೂ ಚನ್ನವೀರಪ್ಪನ ಮುಖ ನೋಡಿದರು. ಮಗನನ್ನು ಕಳೆದುಕೊಂಡವನು ಬೇಡ ಎಂದರೆ ಬೇಡ.

"ಬರ್ಲಿ," ಎಂದ ಅವನು. "ಅಂವ ಹೇಳಿ ಕಳಿಸಲಿಲ್ಲಂದ್ರ ಇನ್ನೂ ಇಪ್ಪತ್ತು ಮನಿ ಹಾಳಾಗ್ತಿದ್ದು. ಆದ್ರ ಅವನ ಫೈಲನ್ಯಾಗ ಬರದದ್ದು ಒಂದಕ್ಷರಾನೂ ಅಳಿಸಬ್ಯಾಡ್ರಿ. ನನ್ನ ಮಗನ ಹೆಸರು ಅಲ್ಲೈತಿ. ಅಂಕಿ ಅಷ್ಟ ಬದಲ ಮಾಡ್ರಿ."

"ಹಂಗ ಆಗಲಿ ಕಾಕಾ," ಎಂದು ಸುಲೋಚನಾ ಮಾತು ಕೊಟ್ಟಳು. ಅವನ ದೊಡ್ಡತನ ಕಂಡು ಬಗ್ಗಿ ಅವನ ಕಾಲು ಮುಟ್ಟಿದಳು.

ಫಕ್ಕೀರೇಶ ಬರುವ ದಿನ ಬೆಳಗಿನಿಂದ ಮನೆಯಲ್ಲಿ ಅವ್ವ ಒಲೆ ಬಿಟ್ಟು ಏಳಲಿಲ್ಲ. ಕಡಲೆಹಿಟ್ಟು ಕುದಿಸಿ ಜುಣಕದ ವಡಿ ತಟ್ಟಿ, ಮೇಲೆ ಕೊಬ್ಬರಿ ಉದುರಿಸಿ, ಸರಿಯಾಗಿಲ್ಲ ಎಂದು ಮತ್ತೊಂದು ತಟ್ಟೆ ಮಾಡಿದಳು.

"ಅಷ್ಟ್ಯಾಕ ಮಾಡಾಕತ್ತಿ? ಇರಾಂವ ಒಬ್ಬನ," ಎಂದಳು ಸುಲೋಚನಾ.

"ಎರಡು ವರ್ಷದ್ದು ಒಮ್ಮೆಲೆ ತಿನ್ನಲಿ. ನೀ ಹೋಗು. ಆ ನಿಮ್ಮ ಹೋರಿಗೆ ಸರಿಯಾಗಿ ತಿಳಿಸಿ ಹೇಳು, ಇಂವ ನಮ್ಮ ಹುಡುಗ ಅಂತ."

"ನಿನ್ನಿ ಸಂಜಿಕೇ ಅಂಕಿ ಬದಲ ಮಾಡೀನಿ. ಬಾಗಲ ಹೋರಿಗೆ ಈಗ ಮೇವು ಹಾಕಿದ್ರ ಮುಗೀತು."

"ಮತ್ತೊಮ್ಮೆ ನೋಡಬಾರದ?"

"ಯವ್ವಾ, ಅದು ನನ್ನ ಕೆಲಸ."

ಬಾಗಿಲ ಹೋರಿಯ ಮೇವು ಮುಗಿದದ್ದು ಕಣ್ಣು ಮಿಟುಕಿಸುವುದರೊಳಗೆ. ಸುಲೋಚನಾ ಹೆಮ್ಮೆಯಿಂದಲೇ ಕಡ್ಡಿ ತೆಗೆದು ಚನ್ನವೀರಪ್ಪನ ಕೈಗೆ ಕೊಟ್ಟಳು. ಅವನು ಕೊಟ್ಟಿಗೆಗೆ ಇಳಿದು ಹೋರಿಯ ಹೆಗಲಿಗೆ ಹಾಕಿ, ಹಿಂದಿನ ಗೋಡೆಯ ಹೋರಿಯ ಕಡ್ಡಿ ಹಿಡಿದುಕೊಂಡು ಬಂದ. ಬಾಗಿಲ ಹೋರಿ ಎದ್ದು ತನ್ನ ಜಾಗಕ್ಕೆ ಹೋಗಿ ನಿಂತಿತು. ಮಧ್ಯಾಹ್ನದ ಬಿಸಿಲಲ್ಲಿ ರಸ್ತೆಯ ಕೊನೆಗೆ ಒಬ್ಬ ಮನುಷ್ಯ ಕಾಣಿಸಿದ. ಹೆಗಲಿಗೊಂದು ಚೀಲ, ಒಂಚೂರು ಎಡಕ್ಕೆ ವಾಲುವ ನಡಿಗೆ. ಸುಲೋಚನಾ ಕಿಟಕಿಯಿಂದ ಕೈ ಬೀಸಿದಳು. ಅವನೂ ಬೀಸಿದ.

ಎರಡನೆಯ ಕಡ್ಡಿ ಸಿಕ್ಕಿಸಲು ಅವಳು ಪರದೆಯತ್ತ ತಿರುಗಿದಳು. ಹಿಂದಿನ ಮೇವಿನ ವಿವರ ಇನ್ನೂ ಅಲ್ಲೇ ಇತ್ತು. ಹೊಸದು: ಇಲ್ಲ. ಬದಲಾದದ್ದು: ಇಲ್ಲ.

ಅಷ್ಟು ಬೇಗ ಯಾಕೆ ಮುಗಿಯಿತು ಎಂಬುದು ಅವಳಿಗೆ ಆಗ ತಿಳಿಯಿತು. ಸೊನ್ನೆ ಇದ್ದ ಜಾಗದಲ್ಲಿ ಒಂದು ಬರೆದಿದ್ದಳು. ಅಕ್ಷರಗಳ ಅಳತೆ ಮೊದಲಿದ್ದಷ್ಟೇ ಉಳಿದಿತ್ತು. ಅವಳ ನಿಯಮ ಅವಳ ತಮ್ಮನನ್ನು ದಾಟಿ ಮುಂದೆ ಹೋಗಿತ್ತು.

ಅವಳು ಮೆಟ್ಟಿಲುಗಳನ್ನು ಹೇಗೆ ಇಳಿದಳೋ. ಅಂಗಳ ತಲುಪುವಷ್ಟರಲ್ಲಿ ಫಕ್ಕೀರೇಶ ಬಾಗಿಲು ದಾಟಿ ಒಳಗೆ ಕಾಲಿಟ್ಟಿದ್ದ. ಹೋರಿ ಅವನ ನಡಿಗೆ ನೋಡಿತು, ತಲೆ ತಗ್ಗಿಸಿತು. ಅವನಿಗೆ ಬಾಗಿಲು ತೆಗೆದ ಕಾವಲಿನವನು ಇನ್ನೂ ನಗುತ್ತಲೇ ಇದ್ದ. ಎಡಗೋಡು ಫಕ್ಕೀರೇಶನ ತೊಡೆಯೊಳಗೆ ಹೋಗಿ ಹಿಂದಿನ ಬಾಗಿಲ ಹಲಗೆಗೆ ನಾಟಿತು. ಹೋರಿ ಕೋಡು ಕಿತ್ತುಕೊಂಡು, ಎತ್ತಿ, ಅವನನ್ನು ಅಂಗಳದ ನಡುವೆ ಎಸೆಯಿತು. ಬಿದ್ದವನ ಪಕ್ಕೆಗೆ ಇನ್ನೊಂದು ತಿವಿತ ಬಿತ್ತು. ಮೂರನೆಯದಕ್ಕೆ ಅದು ಹಿಂದೆ ಸರಿದಾಗ ಸುಲೋಚನಾ ಅವನ ಮೇಲೆ ಬಿದ್ದಳು.

ಹೋರಿ ನಿಂತಿತು. ಅವಳ ಅಂಕೆ ಒಂದು, ಅವಳಿಗೆ ಅದು ಕೋಡು ತಾಗಿಸುವಂತಿಲ್ಲ. ಅವಳನ್ನು ಸುತ್ತು ಹಾಕಿತು. ಅವಳ ಮೈ ಮುಚ್ಚದೆ ಉಳಿದ ಅವನ ಕಾಲು ಕಂಡಿತು, ಅದನ್ನು ತುಳಿಯಿತು. ಮೂಳೆ ಮುರಿದ ಸದ್ದು ಅವಳಿಗೆ ಕೇಳಿಸಿತು. ಅವಳು ಅವನ ಕಾಲುಗಳನ್ನು ತನ್ನ ಕೆಳಗೆ ಎಳೆದುಕೊಂಡಳು. ಬಾಗಿಲ ಕಡೆ ಎಳೆದೊಯ್ಯೋಣ ಎಂದರೆ ಹೋರಿ ಅಡ್ಡ ಬಂದು ನಿಂತಿತು. ಬೇಟೆ ಎದುರಿಗಿರುವಾಗ ಅದು ಕೊಟ್ಟಿಗೆಗೂ ಹೋಗುವುದಿಲ್ಲ, ಅದರ ಹೆಗಲಿನ ಮುಚ್ಚಳವೂ ತೆರೆಯುವುದಿಲ್ಲ. ಅದು ಬಿಟ್ಟುಹೋಗುವುದು ಎರಡೇ ಕಾರಣಕ್ಕೆ: ಮೇವು ಬದಲಾಗಬೇಕು, ಇಲ್ಲವೇ ಬೇಟೆಯ ಎದೆಬಡಿತ ನಿಲ್ಲಬೇಕು. ಎರಡನೆಯದನ್ನು ಅವಳು ಯೋಚಿಸಲು ಒಪ್ಪಲಿಲ್ಲ. ಕೊಟ್ಟಿಗೆಯಲ್ಲಿ ಇನ್ನೊಂದು ಹೋರಿ ಇತ್ತು. ಅದರ ಕಡ್ಡಿ ಮೇಲಿನ ಕೋಣೆಯಲ್ಲಿ, ಕಂಪ್ಯೂಟರಿನ ಪಕ್ಕದಲ್ಲಿತ್ತು. ಆ ಕಂಪ್ಯೂಟರಿನ ಮುಂದೆ ಚನ್ನವೀರಪ್ಪ ಇದ್ದ.

"ಕಾಕಾ," ಎಂದು ಕೂಗಿದಳು. "ಅಳತಿ ಬದಲಾಗಿಲ್ಲ, ಅದಕ್ಕ ಹೋರಿಗೆ ತಿಳದಿಲ್ಲ. ಫಕ್ಕೀರೇಶನ ಫೈಲ್ ತಗೀರಿ. ಕೊನಿಗೆ ಒಂದು ಸ್ಪೇಸ್ ಒತ್ರಿ, ಸಾಕು, ಅಳತಿ ಬ್ಯಾರೆ ಆಗತೈತಿ. ಕಡ್ಡಿ ತುಂಬಿಸಿ ಆ ಹೋರಿಗೆ ಹಾಕಿ ಬಿಡ್ರಿ. ಅದು ಬಂದು ಇದರ ಕುತಿಗಿ ಮುಟ್ಟತೈತಿ."

ಕಿಟಕಿ ತೆರೆದೇ ಇತ್ತು. ಅವನಿಗೆ ಕೇಳಿಸಿತ್ತು. ಆಮೇಲೆ ಅಂಗಳದ ಮೈಕು ಕರಕರ ಎಂದಿತು.

"ಒಂದು ಮಾತ ಕೇಳ್ತೀನಿ. ಅವತ್ತ ನನ್ನ ಕಣ್ಣ ಮಗನ ಮ್ಯಾಲ ಅಷ್ಟ ಇದ್ದು. ನಮ್ಮ ಮಾಂತೇಶನ್ನ ಹೊಡದಾಂವ ಇವನ ಏನು?"

"ಕಾಕಾ, ರಕ್ತ ಹೊಂಟೈತಿ. ಆಮ್ಯಾಲ ಕೇಳ್ರಿ."

"ಅಂವ ಹೇಳ್ಲಿ."

ಫಕ್ಕೀರೇಶ ಅವಳ ಭುಜದ ಕೆಳಗಿನಿಂದ ಮುಖ ಹೊರಗೆ ತೆಗೆದ. ಅವಳು ಅವನ ಬಾಯಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ, ಹೊಡೆದವನು ಅವನಲ್ಲ ಎಂಬುದನ್ನು ಅವಳು ಅವತ್ತು ಕಿಟಕಿಯಿಂದ ಕಂಡಿದ್ದಳು, ಆ ಧೈರ್ಯ.

"ನಾ ಹೊಡೀಲಿಲ್ಲ ಕಾಕಾ," ಎಂದ ಅವನು. ದನಿ ಸಣ್ಣಗಾಗಿತ್ತು. "ಆದ್ರ ಮೇವಿನ ಹೊತ್ತು ಅವರಿಗೆ ಹೇಳಿಕೊಟ್ಟಾಂವ ನಾನ. ಅಕ್ಕ ಮನ್ಯಾಗ ಮಾತಾಡೂದು ಕೇಳಿ ಗೊತ್ತಿತ್ತು. ನನ್ನ ಹೇಣತಿ ಸತ್ತ ಸಿಟ್ಟನ್ಯಾಗ ಹೇಳಿದೆ."

ಮೈಕು ಬಂದ್ ಆಯಿತು. ಸುಲೋಚನಾಳಿಗೆ ತಮ್ಮನನ್ನು ಅಲ್ಲೇ ಹೊಡೆಯುವಷ್ಟು ಸಿಟ್ಟು ಬಂತು. ಸತ್ಯ ಹೇಳಲು ಇದೇ ಹೊತ್ತು ಬೇಕಿತ್ತೇ ಇವನಿಗೆ. ಅವಳು ಸೀರೆಯ ಸೆರಗು ಹರಿದು ಅವನ ತೊಡೆಗೆ ಬಿಗಿದಳು. ಪಕ್ಕೆಯ ಗಾಯಕ್ಕೆ ಅಂಗೈ ಒತ್ತಿದಳು. ಬೆರಳ ಸಂದಿಯಿಂದ ರಕ್ತ ಬರುತ್ತಲೇ ಇತ್ತು. ಹೋರಿ ಅವರ ಸುತ್ತ ತಿರುಗುತ್ತಿತ್ತು. ಬಾಗಿಲಲ್ಲಿ, ಮಾಳಿಗೆಗಳ ಮೇಲೆ ಜನ ಸೇರಿದ್ದರು. ಅವರೆಲ್ಲ ಒಂದು ಅಂಕೆಯವರೇ. ಬಂದು ಸುತ್ತ ನಿಂತಿದ್ದರೆ ಹೋರಿಗೆ ದಾರಿಯೇ ಇರುತ್ತಿರಲಿಲ್ಲ. ಒಬ್ಬರೂ ಬರಲಿಲ್ಲ.

"ಕಾಕಾ," ಎಂದು ಮತ್ತೆ ಕೂಗಿದಳು. "ಒಂದ ಸ್ಪೇಸು. ಕಾಲಿಗೆ ಬೀಳ್ತೀನಿ."

"ಅಕ್ಕಾ," ಎಂದ ಫಕ್ಕೀರೇಶ. "ಅವ್ವ ಏನ ಮಾಡ್ಯಾಳ?"

"ಜುಣಕದ ವಡಿ. ಎರಡು ತಾಟು ಮಾಡ್ಯಾಳ. ಮಾತಾಡಬ್ಯಾಡ."

"ಕೊಬ್ಬರಿ ಹಾಕ್ಯಾಳ?"

"ಹಾಕ್ಯಾಳ."

ಅವನು ಮತ್ತೇನೋ ಹೇಳಲು ಹೋದ, ಕೆಮ್ಮಿದ. ಅವನ ಮುಖ ಅವಳ ಕೊರಳಿಗೆ ಒರಗಿತು. ಅವಳು ಅವನ ಕಿವಿಯಲ್ಲಿ ಇನ್ನೇನು ಬಂತು, ಇನ್ನೇನು ಬಂತು ಎನ್ನುತ್ತಲೇ ಇದ್ದಳು. ಎಷ್ಟು ಹೊತ್ತು ಎನ್ನುವುದು ಅವಳಿಗೆ ಆಮೇಲೆ ಎಂದೂ ನೆನಪಾಗಲಿಲ್ಲ. ಇದ್ದಕ್ಕಿದ್ದಂತೆ ಹೋರಿ ಸುತ್ತುವುದನ್ನು ನಿಲ್ಲಿಸಿತು. ಕೋಡು ಮೇಲೆತ್ತಿತು. ಅವರತ್ತ ಬೆನ್ನು ತಿರುಗಿಸಿ ತನ್ನ ಜಾಗಕ್ಕೆ ನಡೆಯಿತು.

ಸುಲೋಚನಾ ನಕ್ಕಳು. ಅಳು ಬೆರೆತ ನಗು. "ಹಾಕಿದ್ರು, ಫಕ್ಯಾ. ಕಾಕಾ ಮೇವು ಹಾಕಿದ್ರು. ನೋಡು, ಹೊಂಟೈತಿ ನೋಡು." ಅವನ ಕೆನ್ನೆ ತಟ್ಟಿದಳು. ಅವನಿಗೆ ಕಾಣಲಿ ಎಂದು ಅವನ ತಲೆಯನ್ನು ಆ ಕಡೆ ಹೊರಳಿಸಿದಳು.

ಆಗ ಕೊಟ್ಟಿಗೆಯ ಬಾಗಿಲು ತೆರೆದುಕೊಂಡಿತು. ಹಿಂದಿನ ಗೋಡೆಯ ಹೋರಿ ಅದರೊಳಗಿನಿಂದ ಆಗಷ್ಟೇ ಹೊರಗೆ ಬಂತು. ಬಾಗಿಲ ಹೋರಿಯ ಕುತ್ತಿಗೆಯನ್ನು ಅದು ಇನ್ನೂ ಮುಟ್ಟಿರಲಿಲ್ಲ.

ಸುಲೋಚನಾ ಅಂಗೈಯನ್ನು ತಮ್ಮನ ಪಕ್ಕೆಯಿಂದ ಎದೆಯ ಮೇಲೆ ಸರಿಸಿದಳು. ಅಲ್ಲಿ ಏನೂ ಬಡಿಯುತ್ತಿರಲಿಲ್ಲ. ಹೋರಿಗೆ ಅದು ಅವಳಿಗಿಂತ ಮೊದಲೇ ಗೊತ್ತಾಗಿತ್ತು.

ಹೋರಿಯ ಹಿಂದೆಯೇ ಚನ್ನವೀರಪ್ಪ ಏದುಸಿರು ಬಿಡುತ್ತ ಓಡಿ ಬಂದ. ಅವಳ ಮುಖ ಕಂಡು ಹತ್ತು ಮಾರು ದೂರದಲ್ಲೇ ನಿಂತುಬಿಟ್ಟ. ಹೆಗಲ ಮೇಲಿನ ಟವೆಲ್ಲು ಜಾರಿ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳಲಿಲ್ಲ.

"ಎರಡ ಸಲಾ ಸ್ಪೇಸ್ ಒತ್ತಿ ಅಳಿಸಿದೆ, ತಂಗಿ," ಎಂದ. "ಮೂರನೇ ಸಲಾ ಹಂಗ ಬಿಟ್ಟೆ. ಹಾಕೀನಿ ನೋಡು. ಮೇವು ಹಾಕೀನಿ."

ಅವಳಿಗೆ ಅವನನ್ನು ಬೈಯಬೇಕು ಎನಿಸಿತು. ಬೈಗುಳ ಗಂಟಲವರೆಗೆ ಬಂದಾಗ, ಅದನ್ನು ಮೊದಲು ತನಗೇ ಬೈದುಕೊಳ್ಳಬೇಕಾಗುತ್ತದೆ ಎಂದು ತಿಳಿದು ನುಂಗಿಕೊಂಡಳು.

ಅಂಗಳದ ನಡುವೆ ಎರಡು ಹೋರಿಗಳು ಎದುರಾದವು. ಎಂದಿನಂತೆ ಕುತ್ತಿಗೆಗೆ ಕುತ್ತಿಗೆ ತಾಗಿಸಿ ಒಂದಿಷ್ಟು ಹೊತ್ತು ನಿಂತವು. ಹಿಂದಿನ ಗೋಡೆಯದು ತನ್ನ ದಾರಿ ಹಿಡಿಯಿತು. ಬಾಗಿಲ ಹೋರಿ ಮಾತ್ರ ತಿರುಗಿ ಸುಲೋಚನಾಳ ಕಡೆಗೆ ಬಂತು. ಅವಳು ಹೆದರಿ ತಮ್ಮನನ್ನು ಇನ್ನಷ್ಟು ಅವುಚಿಕೊಂಡಳು. ಅದು ಅವನ ಹೆಣಕ್ಕೆ ಅಡ್ಡವಾಗಿ ನಿಂತು, ರಕ್ತ ತೊಟ್ಟಿಕ್ಕುತ್ತಿದ್ದ ಕೋಡುಗಳನ್ನು ಹೆಬ್ಬಾಗಿಲ ಕಡೆ ತಿರುಗಿಸಿತು. ಕೋಠಿಯವರು ಯಾರೇ ಬಿದ್ದರೂ, ಎತ್ತಿಕೊಂಡು ಹೋಗುವವರು ಬರುವ ತನಕ ಅದು ಹಾಗೆಯೇ ಕಾಯುತ್ತಿತ್ತು.